ಬಂಗಾಳ ಬೇಡ, ಬಳೆ ಸಾಕು

ಪ್ರಶ್ನೆ: ನಾವು ಗಂಗಾವತಿಯವರು. ಏಳು ವರ್ಷದ ಮಗಳು, ಐದು ವರ್ಷದ ಮಗ. ಕಳೆದ ವರ್ಷದಿಂದ ಇಬ್ಬರಿಗೂ ಮನೆಯಲ್ಲೇ ಕಲಿಸುತ್ತಿದ್ದೇನೆ. ಮೂರು ವಾರದ ಹಿಂದೆ ಸಿಂಧನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಬಂಗಾಳಿ ಕ್ಯಾಂಪಿನ (ಬಂಗಾಳಿ ನಿರಾಶ್ರಿತರು ನೆಲೆಸಿದ ಊರು) ಹೆಂಗಸಿನ ಕೈಯಲ್ಲಿ ಬಿಳಿ ಬಳೆ ಕಂಡು ಮಗಳು ‘ಇದು ಯಾತರ ಬಳೆ?’ ಎಂದು ಕೇಳಿಯೇಬಿಟ್ಟಳು. ಅವರು ನಕ್ಕು ‘ಶಂಖದ್ದು’ ಎಂದರು. ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಲೆಕ್ಕ, ಕಾಗುಣಿತ ಎರಡೂ ಹಿಂದೆ ಬಿದ್ದಿವೆ. ನನಗೆ ಬಂಗಾಳದ ಬಗ್ಗೆ ಏನೂ ಗೊತ್ತಿಲ್ಲ. ಮೊಬೈಲಿನಲ್ಲಿ ಹುಡುಕಿ ರಾಜಧಾನಿ, ಹುಲಿ, ದುರ್ಗಾಪೂಜೆ, ರಸಗುಲ್ಲ ಎಂದು ಪಟ್ಟಿ ಮಾಡಿಟ್ಟಿದ್ದೇನೆ. ನಾವು ಲಿಂಗಾಯತರು. ‘ಅವರು ಮೀನು ತಿನ್ನುತ್ತಾರಂತೆ, ನಾನೂ ತಿನ್ನುತ್ತೇನೆ’ ಎಂದು ಮಗ ಹೇಳಿದ ದಿನ ನಮ್ಮ ಅತ್ತೆ ಊಟ ಬಿಟ್ಟು ಎದ್ದರು. ಇದನ್ನು ಮುಂದುವರಿಸಲೇ? ಮಕ್ಕಳನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಬಹುದೇ? ಮಗಳಿಗೆ ಆ ಬಳೆ ಕೊಡಿಸಬಹುದೇ?

ಉತ್ತರ: ಮೊದಲು ಆ ಪಟ್ಟಿಯನ್ನು ಮಡಚಿ ಕಪಾಟಿನಲ್ಲಿಡಿ. ಹರಿದು ಹಾಕಬೇಡಿ, ಮಗಳಿಗೆ ಹನ್ನೆರಡು ವರ್ಷವಾದಾಗ ಕೆಲಸಕ್ಕೆ ಬಂದೀತು. ಅವಳು ಬಂಗಾಳ ಎಂದರೇನು ಎಂದು ಕೇಳಲಿಲ್ಲ. ಬಳೆ ಯಾತರದ್ದು ಎಂದು ಕೇಳಿದಳು. ಇಪ್ಪತ್ತೆಂಟು ವರ್ಷ ರಾಯಚೂರು ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವಳು ನಾನು. ಮಗು ಹಿಡಿಯಷ್ಟು ಕೇಳಿದರೆ ನಾವು ಚೀಲವನ್ನೇ ತಂದು ಸುರಿಯುವುದನ್ನು ಬೇಕಾದಷ್ಟು ನೋಡಿದ್ದೇನೆ, ಸುರಿದೂ ಇದ್ದೇನೆ. ಸುರಿದಾಗ ಮಗು ಎದ್ದು ಹೋಗುತ್ತದೆ, ನಾವು ‘ಈ ಮಕ್ಕಳಿಗೆ ಆಸಕ್ತಿಯೇ ಇಲ್ಲ’ ಎನ್ನುತ್ತೇವೆ. ರಾಜಧಾನಿ ಮತ್ತು ಹುಲಿ ಯಾವ ರಾಜ್ಯದ ಪಾಠಕ್ಕೂ ಹೊಂದುವ ಮಾತುಗಳು. ಆ ಬಳೆ ಮಾತ್ರ ಆ ಹೆಂಗಸಿನ ಕೈಯದು.

ಆ ಬಳೆಯ ವಿಷಯ ನಿಮಗೆ ಬೇಕಾದಷ್ಟನ್ನು ಹೇಳುತ್ತೇನೆ. ಅದರ ಹೆಸರು ಶಾಂಖಾ. ಬಂಗಾಳಿ ಹಿಂದೂ ಮುತ್ತೈದೆಯರು ಅದರ ಜೊತೆಗೆ ಪೊಲಾ ಎಂಬ ಕೆಂಪು ಬಳೆಯನ್ನೂ ಒಂದು ಕಬ್ಬಿಣದ ಬಳೆಯನ್ನೂ ತೊಡುವುದು ರೂಢಿ. ಶಂಖವನ್ನು ಅಡ್ಡಡ್ಡ ಕೊಯ್ದು ಬಳೆ ತೆಗೆಯುತ್ತಾರೆ. ಈಗ ಯಂತ್ರ ಬಂದಿದೆ. ಹಿಂದೆ ಅರ್ಧಚಂದ್ರದಂಥ ದೊಡ್ಡ ಕಬ್ಬಿಣದ ಗರಗಸವನ್ನು ಎರಡೂ ಕೈಯಲ್ಲಿ ಹಿಡಿದು, ಶಂಖವನ್ನು ಕಾಲಿನಿಂದ ಅದುಮಿ ಕೊಯ್ಯುತ್ತಿದ್ದರು. ಈ ಕಸುಬಿನವರಿಗೆ ಶಂಖಾರಿ ಎಂದು ಹೆಸರು. ಢಾಕಾ ನಗರದಲ್ಲಿ ಅವರದೇ ಹೆಸರಿನ ಬೀದಿಯಿದೆ, ಶಂಖಾರಿ ಬಜಾರ್. ಇನ್ನೊಂದು ಮಾತು ನಿಮ್ಮ ಮಗಳನ್ನು ಖಂಡಿತ ಹಿಡಿದು ಕೂರಿಸುತ್ತದೆ. ಈ ಬಳೆಗೆ ಬೇಕಾದ ಶಂಖ ಬಹುಪಾಲು ಸಿಗುವುದು ಬಂಗಾಳದಲ್ಲಲ್ಲ, ತಮಿಳುನಾಡಿನ ದಕ್ಷಿಣದ ಮನ್ನಾರ್ ಕೊಲ್ಲಿಯಲ್ಲಿ. ಮುಳುಗುಗಾರರು ಸಮುದ್ರದ ತಳದಿಂದ ಆರಿಸಿ ತಂದ ಶಂಖ ಶತಮಾನಗಳಿಂದ ಬಂಗಾಳಕ್ಕೆ ಹೋಗುತ್ತಿದೆ. ದಕ್ಷಿಣದಿಂದ ಉತ್ತರಕ್ಕೆ ಹೋದ ಶಂಖ ಬಳೆಯಾಗಿ, ಯಾರದೋ ಕೈಯೇರಿ, ಸಿಂಧನೂರಿನ ಬಸ್ ನಿಲ್ದಾಣಕ್ಕೆ ಬಂತು. ನಿಮ್ಮ ಭೂಗೋಳದ ಪಾಠ ಅಷ್ಟರಲ್ಲೇ ಮುಗಿಯಿತು.

ಈಗ ಕೈಕೆಲಸ. ಸಂತೆಯಿಂದ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಕುತ್ತಿಗೆಯಿರುವ ಸೋರೆಕಾಯಿ ತನ್ನಿ. ಅದೇ ಶಂಖ. ಈಳಿಗೆ ಮಣೆಯ ಮೇಲೆ ನೀವೇ ಕುಳಿತು ಬೆರಳಗಲದ ಬಿಲ್ಲೆಗಳಾಗಿ ಕೊಯ್ಯಿರಿ. ಒಳಗಿನ ತಿರುಳನ್ನು ಮಕ್ಕಳು ಚಮಚದಿಂದ ಕೆರೆದು ತೆಗೆಯಲಿ. ನಂತರ ಕೊಯ್ದ ಕ್ರಮದಲ್ಲೇ ಉಂಗುರಗಳನ್ನು ನೆಲದ ಮೇಲೆ ಜೋಡಿಸಿ, ಯಾವುದು ಯಾರ ಕೈಗೆ ಏರುತ್ತದೆ ಎಂದು ನೋಡಲಿ. ನನ್ನ ಮೊಮ್ಮಗಳ ಜೊತೆ ಮಾಡಿದಾಗ ಹನ್ನೊಂದು ಉಂಗುರ ಬಂದವು. ಅವಳ ಕೈಗೆ ಏರಿದ್ದು ನಾಲ್ಕು, ನನ್ನ ಕೈಗೆ ಒಂದೂ ಇಲ್ಲ. ಕುತ್ತಿಗೆ ಭಾಗದವು ಹೆಬ್ಬೆರಳಿಗೆ ಸರಿಯಾದವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅಜ್ಜಿ, ದಪ್ಪ ಕೈಯವರ ಬಳೆಗೆ ದುಡ್ಡು ಜಾಸ್ತಿಯೇ?’ ಎಂದಳು. ಒಂದು ಶಂಖದಲ್ಲಿ ಎಷ್ಟು ಬಳೆ, ಆರು ಬಳೆಗೆ ಎಷ್ಟು ಶಂಖ, ಉಳಿದ ಚೂರು ಏನಾಗುತ್ತದೆ ಎಂದು ಅಂದಿನ ಲೆಕ್ಕವೆಲ್ಲ ಅವಳೇ ಹಾಕಿದಳು. (ಚೂರಿನಿಂದ ಉಂಗುರ, ಗುಂಡಿ ಮಾಡುತ್ತಾರೆ.) ನಿಜವಾದ ಶಂಖದೊಳಗೆ ಸುರುಳಿಯ ಗೋಡೆ ಇರುತ್ತದೆ, ಅದನ್ನೂ ತೆಗೆಯಬೇಕು ಎಂಬುದನ್ನು ಹೇಳಲು ಮರೆಯಬೇಡಿ. ಮನೆಗೆ ದಾಸಯ್ಯ ಬಂದರೆ ಶಂಖದ ಬಾಯಲ್ಲಿ ಆ ಸುರುಳಿಯನ್ನು ತೋರಿಸಿ. ಸೋರೆಕಾಯಿ ರಾತ್ರಿ ಪಲ್ಯಕ್ಕಾಯಿತು.

ಅಂದಹಾಗೆ, ಈಳಿಗೆಯ ಮುಂದೆ ಕುಳಿತಾಗ ಒಂದು ಮಾತು ಹೇಳಿ: ಆ ಹೆಂಗಸಿನ ಮನೆಯಲ್ಲೂ ಇಂಥದ್ದೇ ಇರುತ್ತದೆ. ಬಂಗಾಳಿಯಲ್ಲಿ ಅದಕ್ಕೆ ಬೊಟಿ ಎನ್ನುತ್ತಾರೆ. ನಿಂತ ಬಾಗಿದ ಅಲಗು, ಕಾಲಿನಿಂದ ಅದುಮಿ ಕುಳಿತು ಹೆಚ್ಚುವುದು, ಎಲ್ಲವೂ ನಮ್ಮಂತೆಯೇ. ನಗರದ ಮಕ್ಕಳಿಗೆ ಬೊಟಿಯ ಚಿತ್ರ ತೋರಿಸಿದರೆ ಇದೇನು ವಿಚಿತ್ರ ಎನ್ನುತ್ತಾರೆ. ನಿಮ್ಮ ಮಕ್ಕಳು ಹಾಗೆ ಅನ್ನಲಾರರು.

ಇನ್ನು ಮೇಜಿನ ಮೇಲೆ ಬಳೆಗಳನ್ನು ಒಂದರ ಪಕ್ಕ ಒಂದು ಇಡಿ. ಕುಬಸದಲ್ಲಿ, ಮದುವೆಯಲ್ಲಿ ನಾವು ಇಡಿಸಿಕೊಳ್ಳುವ ಹಸಿರು ಗಾಜಿನ ಬಳೆ ಒಂದು. ಕೊಪ್ಪಳ, ಬಳ್ಳಾರಿಯ ಸಂತೆಗಳಲ್ಲಿ ತಾಂಡಾದ ಲಂಬಾಣಿ ಅಜ್ಜಿಯರ ತೋಳಿನವರೆಗೂ ಇರುವ ಬಿಳಿ ಬಳೆ ಮಕ್ಕಳು ನೋಡಿರುತ್ತಾರೆ; ಹಿಂದೆ ಅದು ದಂತದ್ದು, ಈಗ ಪ್ಲಾಸ್ಟಿಕ್. ಮೂರನೆಯದು ಶಂಖದ್ದು, ಸಿಗದಿದ್ದರೆ ಚಿತ್ರ ಬರೆದರಾಯಿತು. ಯಾರು, ಯಾವಾಗ, ಏಕೆ ತೊಡುತ್ತಾರೆ ಎಂದು ಮಕ್ಕಳೇ ಕೇಳಲಿ. ಆಗ ನಿಮ್ಮ ಹಸಿರು ಬಳೆಯ ಬಗ್ಗೆ ಕೇಳಿದ ಪ್ರಶ್ನೆಗೇ ನೀವು ತಡವರಿಸುತ್ತೀರಿ, ಬರೆದಿಟ್ಟುಕೊಳ್ಳಿ. ಬಳೆಗಾರ ಇಡುವಾಗ ಹಸಿರೇ ಏಕೆ, ಒಂದು ಕೈಗೆ ಒಂದು ಹೆಚ್ಚು ಏಕೆ? ಅತ್ತೆಯವರನ್ನೇ ಕೇಳಬೇಕು. ನನಗೆ ಬೇಕಾದದ್ದೂ ಅದೇ. ಬೇರೆಯವರ ಪದ್ಧತಿ ಕಲಿಯುವ ಮಗು ತನ್ನ ಮನೆಯನ್ನೂ ಒಮ್ಮೆ ಹೊರಗಿನವರಂತೆ ನೋಡಬೇಕು. ಇಲ್ಲದಿದ್ದರೆ ನಾವು ಸರಿಯಾದವರು, ಅವರು ವಿಚಿತ್ರದವರು ಎಂಬುದಷ್ಟೇ ಕಲಿತಂತಾಗುತ್ತದೆ.

ಲೆಕ್ಕ, ಕಾಗುಣಿತದ ಚಿಂತೆಗೆ ಎರಡೇ ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ನಮ್ಮ ಸರ್ಕಾರಿ ಶಾಲೆಗಳಿಗೇ ಬಂದು ಎಷ್ಟೋ ಕಾಲವಾಯಿತು. ಅಲ್ಲಿಯೂ ಪುಟ ತಿರುವಿದಂತೆ ಪಾಠವಿಲ್ಲ. ದಿನಕ್ಕೆ ಅರ್ಧ ಗಂಟೆ ಓದು ಬರಹ ತಪ್ಪಿಸಬೇಡಿ, ಬರೆಯುವ ಪದ ‘ಶಂಖ’ವೇ ಆಗಿರಲಿ. ಅನುಸ್ವಾರ, ಮಹಾಪ್ರಾಣ ಎರಡೂ ಅದರಲ್ಲಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಯಲ್ಲಿ ಕಲಿಸುವವರ ಬಗ್ಗೆ ನೇರ ಮಾತಿಲ್ಲ. ಮುಂದೆ ಪ್ರಮಾಣಪತ್ರ ಬೇಕೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳಿವೆ. ಮೂರು ವಾರದ ಬಳೆಯಿಂದ ಅದಕ್ಕೇನೂ ಧಕ್ಕೆಯಿಲ್ಲ.

‘ನನಗೆ ಏನೂ ಗೊತ್ತಿಲ್ಲ’ ಎಂದು ಬರೆದಿದ್ದೀರಿ. ಇಷ್ಟು ಚಿಕ್ಕ ಮಕ್ಕಳಿಗೆ ಅದರಂಥ ಒಳ್ಳೆಯ ಗುರು ಇನ್ನೊಬ್ಬರಿಲ್ಲ. ಆದರೆ ಗೊತ್ತಿಲ್ಲದ್ದನ್ನು ಊಹಿಸಿ ಹೇಳಬೇಡಿ, ‘ಕೇಳೋಣ’ ಎನ್ನಿ. ಭಾಷೆಯಲ್ಲಂತೂ ಇದು ಬಹಳ ರುಚಿ. ವರ್ಷಗಳ ಹಿಂದೆ ಕ್ಯಾಂಪಿನ ಒಂದು ಮನೆಗೆ ನನ್ನ ಮಗನ ಜೊತೆ ಹೋಗಿದ್ದೆ. ಅವನಿಗೆ ಆಗ ಆರು ವರ್ಷ. ಬಿಸಿಲಲ್ಲಿ ಬಂದವನನ್ನು ನೋಡಿ ಅಲ್ಲಿಯ ಅಜ್ಜಿ ‘ಜೊಲ್ ಖಾಬೆ?’ ಎಂದರು. ಇವನು ನನ್ನ ಸೆರಗು ಜಗ್ಗಿ, ‘ಹಸಿ ಜೋಳ ತಿನ್ನು ಎನ್ನುತ್ತಿದ್ದಾರೆ’ ಎಂದ. ಅಜ್ಜಿ ಒಳಗಿನಿಂದ ತಂದದ್ದು ಒಂದು ಲೋಟ ನೀರು! ನಮ್ಮ ಪುಸ್ತಕದ ‘ಜಲ’ವೇ ಅವರ ಬಾಯಲ್ಲಿ ಜೊಲ್. ಇನ್ನು ಖಾಬೆ ಎಂದರೆ ತಿನ್ನುತ್ತೀಯಾ ಎಂದೇ. ಬಂಗಾಳಿಯಲ್ಲಿ ನೀರನ್ನೂ ‘ತಿನ್ನುತ್ತಾರೆ’. ನನ್ನ ಮಗ ಅರ್ಧ ತಪ್ಪು, ಅರ್ಧ ಸರಿ. ಈಗ ಅವನಿಗೆ ನಲವತ್ತರ ಹತ್ತಿರ ವಯಸ್ಸು, ಮನೆಗೆ ಬಂದಾಗ ಇಂದಿಗೂ ಜೋಳ ಕುಡಿಯುತ್ತೇನೆ ಎನ್ನುತ್ತಾನೆ.

ಆ ಒಂದು ಪದದಿಂದ ಆಟ ಕಟ್ಟಬಹುದು. ನಮ್ಮ ‘ಅ’ ಅಲ್ಲಿ ಬಹಳ ಕಡೆ ‘ಒ’ ಆಗುತ್ತದೆ, ‘ವ’ ಇದ್ದಲ್ಲಿ ‘ಬ’ ಬರುತ್ತದೆ. ವಿಜಯಾ ಬಿಜೊಯಾ ಆಗುತ್ತಾಳೆ, ಲಕ್ಷ್ಮಿ ಲೊಕ್ಖಿ. ಮಕ್ಕಳು ಮನೆಯವರ ಹೆಸರನ್ನೆಲ್ಲ ಹೀಗೆ ತಿರುಗಿಸಿ ನಗಲಿ, ಆದರೆ ಬಂಗಾಳಿಗಳ ಮುಂದೆ ಅಣಕಿಸಬಾರದು. ಈ ಗೆರೆಯನ್ನು ಮೊದಲೇ ಎಳೆಯಿರಿ. ಅವನು, ಅವಳು ಎರಡಕ್ಕೂ ಬಂಗಾಳಿಯಲ್ಲಿ ಒಂದೇ ಪದ, ‘ಶೆ’. ನಿಮ್ಮ ಮಗಳಿಗೆ ಇದು ಬಹಳ ಇಷ್ಟವಾಗುತ್ತದೆ. ತಂದೆಯ ತಮ್ಮ ಅಲ್ಲಿಯೂ ಕಾಕಾ, ತಾಯಿಯ ಅಣ್ಣತಮ್ಮಂದಿರು ಅಲ್ಲಿಯೂ ಮಾಮಾ. ಆದರೆ ಮಾಮನ ಮಗಳನ್ನು ಮದುವೆಯಾಗುವ ಮಾತು ನಮ್ಮಲ್ಲಿ ತಮಾಷೆ, ಸಂಬಂಧ ಎರಡೂ. ಬಂಗಾಳಿ ಹಿಂದೂಗಳ ಮನೆಯಲ್ಲಿ ಅವಳು ತಂಗಿ, ಅಲ್ಲಿ ಆ ತಮಾಷೆ ಮಾಡಿದರೆ ಎಲ್ಲರೂ ಸ್ತಬ್ಧರಾಗುತ್ತಾರೆ. ಇದು ಮಕ್ಕಳಿಗಲ್ಲ, ಹೋದಾಗ ಬಾಯಿ ಜಾರದಿರಲೆಂದು ನಿಮಗೆ.

ಮೀನಿನ ವಿಷಯಕ್ಕೆ ಬರುತ್ತೇನೆ. ಅತ್ತೆಯವರು ಎದ್ದು ಹೋದದ್ದು ಮೀನಿಗಲ್ಲ, ಮನೆಯ ಪದ್ಧತಿ ಕೈಜಾರಿತೇ ಎಂಬ ಭಯಕ್ಕೆ. ಅವರನ್ನು ಹಳೆಯ ಕಾಲದವರು ಎಂದು ಬದಿಗಿಟ್ಟರೆ ನಿಮ್ಮ ಪಾಠವೇ ಸುಳ್ಳಾಗುತ್ತದೆ: ಬಂಗಾಳದ ಪದ್ಧತಿಗೆ ಗೌರವ, ಅಡುಗೆಮನೆಯಲ್ಲಿ ಕುಳಿತವರ ಪದ್ಧತಿಗೆ ಇಲ್ಲ ಎಂದಂತೆ. ಮಗನಿಗೆ ನೇರವಾಗಿ ಹೇಳಿ: ‘ಅವರ ಮನೆಯಲ್ಲಿ ಮೀನು ದಿನದ ಊಟ, ನಮ್ಮ ಮನೆಯಲ್ಲಿ ಇಲ್ಲ. ಅದು ಹೊಲಸು ಎಂದು ಅಲ್ಲ.’ ಆ ಕೊನೆಯ ವಾಕ್ಯ ಮುಖ್ಯ, ಬಿಡಬೇಡಿ. ಐದು ವರ್ಷದವನಿಗೆ ಅಷ್ಟು ಸಾಕು.

ನಾಲಿಗೆಗೆ ಮೀನೊಂದೇ ದಾರಿಯಲ್ಲ. ದಪ್ಪ ಬದನೆಕಾಯಿಯನ್ನು ಬಿಲ್ಲೆಯಾಗಿ ಕೊಯ್ದು, ಅರಿಶಿನ ಉಪ್ಪು ಸವರಿ, ಸಾಸಿವೆ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿದರೆ ಬೆಗುನ್ ಭಾಜಾ. ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ, ಆಮೇಲೆ ಉರಿ ಇಳಿಸಿ ಹಾಕಿ, ಇಲ್ಲದಿದ್ದರೆ ಘಾಟು. ಶೇಂಗಾ, ಕುಸುಬೆ ಎಣ್ಣೆಯ ಮನೆಗೆ ಆ ವಾಸನೆಯೇ ಹೊಸ ದೇಶ. ಇನ್ನೊಂದು ಪಾಂತಾ ಭಾತ್: ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿಯ ಜೊತೆ ಉಣ್ಣುವುದು. ಅತ್ತೆಯವರು ‘ಇದೇನು ಹೊಸದು, ನಮ್ಮ ತಂಗಳನ್ನ’ ಎಂದರೆ ನಿಮ್ಮ ಕೆಲಸ ಅರ್ಧ ಆಯಿತು. ಸಮಯ ನೋಡಿ ಅವರಿಗೆ ಇದನ್ನೂ ಹೇಳಿ: ಬಂಗಾಳದ ಸಸ್ಯಾಹಾರದ ಅಡುಗೆಯ ಎಷ್ಟೋ ಸೊಗಸು, ಮೀನು, ಈರುಳ್ಳಿ, ಬೆಳ್ಳುಳ್ಳಿ ಎಲ್ಲವನ್ನೂ ಬಿಡಬೇಕಾಗಿದ್ದ ವಿಧವೆಯರ ಕೈಯಿಂದ ಬಂದದ್ದು. ಅತ್ತೆಯವರು ಆ ಮಾತನ್ನು ನನಗಿಂತ, ನಿಮಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ.

ಕ್ಯಾಂಪಿಗೆ ಹೋಗಬಹುದೇ? ಹೋಗಬಹುದು, ಆದರೆ ನೋಡಲು ಹೋಗಬೇಡಿ. ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ನಾಲ್ಕನೇ ತರಗತಿಯ ಮೂವತ್ತು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಪ್ರತಿಯೊಬ್ಬರ ನೋಟ್‌ಬುಕ್ಕಿನಲ್ಲೂ ನಾನೇ ಕಪ್ಪುಹಲಗೆಯಲ್ಲಿ ಬರೆದು ಇಳಿಸಿಕೊಳ್ಳಲು ಹೇಳಿದ ಹತ್ತು ಪ್ರಶ್ನೆ. ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕುಳಿತಿದ್ದ ಒಬ್ಬ ಅಜ್ಜಿಯ ಸುತ್ತ ಮಕ್ಕಳು ನಿಂತರು. ಊಟ, ಹಬ್ಬ ಎಲ್ಲದಕ್ಕೂ ಅವರು ನಗುನಗುತ್ತಲೇ ಉತ್ತರ ಹೇಳಿದರು. ಆರನೇ ಪ್ರಶ್ನೆ: ‘ನಿಮ್ಮ ದೇಶ ಯಾವುದು?’ ಅಜ್ಜಿ ಕನ್ನಡದಲ್ಲೇ ‘ಇದೇ’ ಎಂದರು, ಬೀಸಣಿಗೆ ತೆಗೆದುಕೊಂಡು ಒಳಗೆ ಹೋದರು. ಮಕ್ಕಳು ಪೆನ್ಸಿಲ್ ಹಿಡಿದು ಏಳನೇ ಪ್ರಶ್ನೆಗೆ ಕಾಯುತ್ತಿದ್ದರು. ಆ ಪ್ರಶ್ನೆ ಬರೆದವಳು ನಾನು.

ಕ್ಯಾಂಪಿನವರು ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಐದಾರು ದಶಕಗಳ ಹಿಂದೆ ನಿರಾಶ್ರಿತರಾಗಿ ಬಂದವರು. ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ಜಾಗ ಕೊಟ್ಟು ನೆಲೆಗೊಳಿಸಿತು, ಆರ್.ಎಚ್. ಕ್ಯಾಂಪ್ ಎಂದು ಎಲ್ಲರ ಬಾಯಲ್ಲಿರುವುದು ಅದೇ. ಪೌರತ್ವದ ಕಾಗದ ಅಲ್ಲಿಯ ಹಲವು ಮನೆಗಳನ್ನು ದಶಕಗಳ ಕಾಲ ಕಾಡಿದ ಚಿಂತೆ. ‘ಎಲ್ಲಿಯವರು’ ಎಂಬ ನಮ್ಮ ಕುಶಲದ ಪ್ರಶ್ನೆ ಅಲ್ಲಿ ಕುಶಲದ್ದಾಗಿ ಕೇಳಿಸುವುದಿಲ್ಲ. ಹೊಸ ತಲೆಮಾರಿನವರು ಇಲ್ಲೇ ಹುಟ್ಟಿದವರು. ನಿಮ್ಮ ಮಕ್ಕಳ ಹಾಗೆಯೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಭತ್ತದ ಅನ್ನ ಉಂಡವರು. ಗಂಗಾವತಿಯ ಮಕ್ಕಳಿಗೆ ಕ್ಯಾಂಪ್ ಎಂದರೆ ಆಂಧ್ರದಿಂದ ಬಂದ ರೈತರ ಊರು. ಅವರು ಭೂಮಿ, ನೀರು ಹುಡುಕಿಕೊಂಡು ಬಂದರು, ಇವರು ಮನೆ ಬಿಟ್ಟು ಓಡಿಬಂದರು. ವ್ಯತ್ಯಾಸವನ್ನು ಹೀಗೆಯೇ ಎರಡು ಮಾತಿನಲ್ಲಿ ಹೇಳಿ.

‘ಏಕೆ ಓಡಿಬಂದರು?’ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ತುಂಗಭದ್ರಾ ಜಲಾಶಯಕ್ಕೆ 1953ರಲ್ಲಿ ನೀರು ನಿಂತಾಗ ನಮ್ಮ ಕೊಪ್ಪಳ, ಬಳ್ಳಾರಿ ಕಡೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಜನ ಬಾಗಿಲು, ತೊಲೆ ಕಿತ್ತು ಗಾಡಿಗೆ ಹೇರಿ ಬೇರೆಡೆ ಹೋದರು. ಮನೆ ಬಿಡುವುದು ಎಂದರೇನು ಎಂದು ಅಲ್ಲಿಂದ ಶುರು ಮಾಡಿ. ಆದರೆ ಎರಡೂ ಒಂದೇ ಎನ್ನಬೇಡಿ. ‘ನಮ್ಮವರು ನೀರು ಬಂದು ಬಿಟ್ಟರು, ಇವರು ಜಗಳಕ್ಕೆ, ಭಯಕ್ಕೆ ಬಿಟ್ಟರು. ತೊಲೆ ತರಲು ಆಗಲಿಲ್ಲ’ ಎಂದರೆ ಏಳು ವರ್ಷದವಳಿಗೆ ಮುಟ್ಟುತ್ತದೆ. ಕೊಂದರು, ಸುಟ್ಟರು ಎಂಬುದಕ್ಕೆ ಇನ್ನೂ ವರ್ಷಗಳಿವೆ. ಯಾವ ಧರ್ಮದವರು ಯಾರನ್ನು ಎಂಬ ಕಥೆಯನ್ನು ಈ ವಯಸ್ಸಿನಲ್ಲಿ ತುಂಬಿದರೆ ಮಗು ಬಳೆಯನ್ನು ಮರೆತು ಅದನ್ನೊಂದೇ ನೆನಪಿಟ್ಟುಕೊಳ್ಳುತ್ತದೆ.

ಹೋಗುವುದಾದರೆ ಒಂದೇ ಮನೆಗೆ ಹೋಗಿ, ಪರಿಚಯದವರ ಮೂಲಕ, ಮೊದಲೇ ತಿಳಿಸಿ. ಗಂಗಾವತಿಯಿಂದ ಕಾರಟಗಿ ಮೇಲೆ ಬಸ್ಸಿದೆ. ಬರಿಗೈಯಲ್ಲಿ ಹೋಗಬೇಡಿ; ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಅತ್ತೆಯವರ ಕೈಯದಾದರೆ ಇನ್ನೂ ಒಳ್ಳೆಯದು. ನೋಟ್‌ಬುಕ್ ಮನೆಯಲ್ಲಿರಲಿ, ಮೊಬೈಲಿನಲ್ಲಿ ಫೋಟೋ ಹೊಡೆಯುವುದು ಬೇಡ. ಒಂದು ಕೆಲಸ ಕಲಿಸಿ ಎಂದು ಕೇಳಿ. ನೆಲದ ಮೇಲೆ ಅಕ್ಕಿಹಿಟ್ಟಿನ ನೀರಿನಿಂದ ಬೆರಳಲ್ಲೇ ಎಳೆಯುವ ಆಲ್ಪನಾ ಆಗಬಹುದು. ನಮ್ಮ ರಂಗೋಲಿ ಪುಡಿ ತಕ್ಷಣ ಕಾಣುತ್ತದೆ. ಆಲ್ಪನಾ ಒದ್ದೆಯಿದ್ದಾಗ ಮಂಕು, ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಐದು ವರ್ಷದವನು ಅದು ಒಣಗುವುದನ್ನು ನೋಡುತ್ತ ಹತ್ತು ನಿಮಿಷ ಕುಳಿತರೆ ಆಶ್ಚರ್ಯಪಡಬೇಡಿ. ಅವರೂ ನಿಮ್ಮ ಮನೆಗೆ ಬರುವಂತಾಗಬೇಕು. ಕರೆಯದೆ ನೀವು ಎರಡನೆಯ ಸಲ ಹೋಗಬೇಡಿ.

ಹಬ್ಬ ಬಂದಾಗ ನೆನಪಿಸಿಕೊಂಡರೆ ಸಾಕು. ದಸರೆಯ ದಿನ ನಾವು ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುವಾಗ ಅಲ್ಲಿ ದೇವಿಯನ್ನು ನೀರಿಗೆ ಬಿಟ್ಟು, ಹಿರಿಯರ ಕಾಲು ಮುಟ್ಟಿ, ಸಿಹಿ ಹಂಚಿ ‘ಶುಭೊ ಬಿಜೊಯಾ’ ಎನ್ನುತ್ತಾರೆ. ಸಂಕ್ರಾಂತಿಗೆ ಅಲ್ಲಿ ಅಕ್ಕಿಹಿಟ್ಟು, ಕೊಬ್ಬರಿ, ಬೆಲ್ಲದ ಪಿಠೆ. ಮಕ್ಕಳಿಗೆ ಹೇಳಲೇಬೇಕಾದದ್ದು ಬಾರೆಹಣ್ಣಿನ ಸಂಗತಿ. ಸಂಕ್ರಾಂತಿಯ ಹೊತ್ತಿಗೆ ನಮ್ಮಲ್ಲಿ ಬಾರೆಹಣ್ಣನ್ನು ಚಿಕ್ಕ ಮಕ್ಕಳ ತಲೆಯ ಮೇಲೆ ಸುರಿಯುವ ಮನೆಗಳಿವೆ. ಬಂಗಾಳಿ ಮಕ್ಕಳು ಮಾತ್ರ ಮಾಘ ಪಂಚಮಿಯ ಸರಸ್ವತಿ ಪೂಜೆಯವರೆಗೆ ಅದನ್ನು ಬಾಯಿಗೆ ಹಾಕಬಾರದು. ತಿಂದರೆ ಪರೀಕ್ಷೆಯಲ್ಲಿ ಫೇಲು ಎಂದು ಹೆದರಿಸುತ್ತಾರೆ. ಪೂಜೆಯ ದಿನ ಪುಸ್ತಕವೆಲ್ಲ ದೇವಿಯ ಮುಂದೆ, ಓದು ರಜೆ. ಈ ಸಲ ಪಂಚಮಿಯವರೆಗೆ ಬಾರೆಹಣ್ಣು ಬಿಟ್ಟು ನೋಡೋಣವೇ ಎಂದು ಮಕ್ಕಳನ್ನು ಕೇಳಿ. ಎರಡನೇ ದಿನವೇ ಮಗ ಜೇಬಿನಲ್ಲಿಟ್ಟುಕೊಂಡು ಸಿಕ್ಕಿಬೀಳುತ್ತಾನೆ. ಬಂಗಾಳದಲ್ಲೂ ಮಕ್ಕಳು ಹಾಗೆಯೇ ಸಿಕ್ಕಿಬೀಳುತ್ತಾರೆ.

ಒಂದು ಬೆಳಿಗ್ಗೆ ಇಬ್ಬರೂ ಬಳೆಯನ್ನು ಬಿಟ್ಟು ಗೆದ್ದಲಿನ ಹುತ್ತಕ್ಕೋ ಟ್ರ್ಯಾಕ್ಟರಿಗೋ ಹೋಗುತ್ತಾರೆ. ತಡೆಯಬೇಡಿ, ಏನು ಕಲಿತಿರಿ ಎಂದು ಪರೀಕ್ಷೆ ಹಿಡಿಯಬೇಡಿ. ಆ ಮನೆಯೊಂದಿಗಿನ ಹೋಗಿಬರುವ ಬಳಕೆ ಮಾತ್ರ ನಿಲ್ಲದಿರಲಿ. ಮಕ್ಕಳ ಆಸಕ್ತಿ ಮುಗಿದಾಗ ಮರೆತುಬಿಡಲು ಅವರು ಪಾಠವಲ್ಲ.

ಕೊನೆಯದಾಗಿ, ಬಳೆ ಕೊಡಿಸಬೇಡಿ. ಶಾಂಖಾ ಮುತ್ತೈದೆಯ ಗುರುತು, ಅಲ್ಲಿಯ ಚಿಕ್ಕ ಹುಡುಗಿಯರು ತೊಡುವುದಿಲ್ಲ. ‘ನನ್ನ ತಾಳಿಯನ್ನು ನೀನು ಆಟಕ್ಕೆ ಹಾಕಿಕೊಳ್ಳುತ್ತೀಯಾ?’ ಎಂದು ಕೇಳಿದರೆ ಮಗಳಿಗೆ ತಿಳಿಯುತ್ತದೆ. ಆ ಮನೆಯವರು ತಾವಾಗಿಯೇ ಒಂದು ಹಳೆಯ ಬಳೆ ತೋರಿಸಿದರೆ ಎರಡೂ ಕೈಯಲ್ಲಿ ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಲಿ. ಶಂಖ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ. ಇಲ್ಲ, ನನಗೆ ಹಾಕಿಕೊಳ್ಳಲೇಬೇಕು ಎಂದು ಹಟ ಹಿಡಿದರೆ ಸಂತೆಯಲ್ಲಿ ಸೋರೆಕಾಯಿ ಸಿಗುತ್ತದೆ, ಈ ಸಲ ಸ್ವಲ್ಪ ದಪ್ಪನೆಯದನ್ನು ಆರಿಸಿ.